ನೀಲಿ ಚುಕ್ಕಿ ಬಾಂದುಕಲ್ಲಲ್ಲ

ಇವತ್ತಿನ ಹೊಲದ ಟಿಪ್ಪಣಿ ಬೆಳೆ ಬಗ್ಗೆ ಅಲ್ಲ, ಬದುವಿನ ಬಗ್ಗೆ. ಸ್ವಲ್ಪ ಉದ್ದ ಇದೆ. ಕೆಲಸ ಮುಗಿಸ್ಕೊಂಡು ಪುರುಸೊತ್ತಾಗಿ ಓದಿ. ಕೆಲವರಿಗೆ ಸಿಟ್ಟು ಬರಬಹುದು. ಬರಲಿ.

ಮೊದಲೇ ಹೇಳಿಬಿಡ್ತೀನಿ. ಮೊಬೈಲಿನ ಜಿಪಿಎಸ್ ಹಿಡಿದುಕೊಂಡು ಹೊಲದ ಗಡಿ ಗುರುತು ಮಾಡೋದನ್ನು ನಾವು ನಿಲ್ಲಿಸಬೇಕು. ಸಂತೆಗೆ ದಾರಿ ನೋಡೋಕೆ ಬಳಸಿ, ನೆಂಟರ ಮನೆ ಹುಡುಕೋಕೆ ಬಳಸಿ, ನಿಂತ ಜಾಗದ ಸರ್ವೆ ನಂಬರ್ ಯಾವುದು ಅಂತ ತಿಳ್ಕೊಳ್ಳೋಕೂ ಬಳಸಿ. ಆದರೆ ‘ಇಲ್ಲೀತನಕ ನಂದು, ಇಲ್ಲಿಂದಾಚೆ ನಿಂದು’ ಅಂತ ಗೂಟ ಹೊಡೆಯೋಕೆ ಅದು ಸಾಧನವೇ ಅಲ್ಲ. ಮಾಡಿದವರೇ ಅದನ್ನು ಆ ಕೆಲಸಕ್ಕೆ ಅಂತ ಮಾಡಿಲ್ಲ. ತಕ್ಕಡಿ ಇಲ್ಲ ಅಂತ ಕೈಯಲ್ಲಿ ತೂಗಿ ಬಂಗಾರ ಕೊಳ್ತೀವಾ? ಇಲ್ಲ ತಾನೇ. ಬಂಗಾರಕ್ಕಿಂತ ಜಾಸ್ತಿ ಬೆಲೆಯ ಮಣ್ಣನ್ನು ಮಾತ್ರ ಹಾಗೆ ಅಳೀತಿದ್ದೀವಿ.

ಏಳೆಂಟು ವರ್ಷದ ಹಿಂದೆ ಬದುವಿನ ಜಗಳ ಅಂದರೆ ಕಲ್ಲಿನ ಜಗಳ ಆಗಿತ್ತು. ಕಲ್ಲು ಎಲ್ಲಿತ್ತು, ಯಾರು ಕಿತ್ತರು, ಯಾರ ಟ್ರ್ಯಾಕ್ಟರ್ ತಾಗಿ ಉರುಳಿತು ಅಂತ. ಊರಿನ ನಾಲ್ಕು ಹಿರೀಕರು ಬಂದು ಕತ್ತಾಳೆ ಸಾಲು ನೋಡೋರು, ಹಳೇ ಹೊಂಗೆ ಮರ ನೋಡೋರು, ನಿಮ್ಮಪ್ಪ ಇಲ್ಲಿಗಂಟ ಉಳ್ತಿದ್ದ ಕಣೋ ಅನ್ನೋರು. ಈಗ ಕಲ್ಲಿನ ಮಾತು ಯಾರೂ ಆಡಲ್ಲ. ಜಮೀನು ಕೊಡಿಸೋ ಬ್ರೋಕರ್ ಬರ್ತಾನೆ, ಫೋನ್ ತೆಗೀತಾನೆ, ಗೆರೆ ಎಳೆದ ನಕ್ಷೆ ತೋರಿಸ್ತಾನೆ. ನೀಲಿ ಚುಕ್ಕಿ ಗೆರೆಗೆ ತಾಗೋವರೆಗೂ ನಡೀತಾನೆ. ತಾಗಿದ ಜಾಗದಲ್ಲಿ ಸುಣ್ಣ ಹಾಕಿಸ್ತಾನೆ. ಮಧ್ಯಾಹ್ನದೊಳಗೆ ಜೆಸಿಬಿ ಬರುತ್ತೆ. ಎದುರಿಗೆ ನಿಂತವನಿಗೆ ಒಂದೇ ಉತ್ತರ: ‘ಸ್ಯಾಟಲೈಟಲ್ಲೇ ತೋರಿಸ್ತಿದೆಯಲ್ಲ ಸಾರ್.’

ಈ ‘ಸ್ಯಾಟಲೈಟಲ್ಲೇ ತೋರಿಸ್ತಿದೆ’ ಅನ್ನೋ ಮಾತಿನ ಮೇಲೇ ನನ್ನ ಜಗಳ.

ಜಿಪಿಎಸ್ಸನ್ನು ನಮಗಿಂತ ಚೆನ್ನಾಗಿ ಅರ್ಥ ಮಾಡ್ಕೊಂಡಿರೋ ಒಂದು ಗುಂಪಿನ ಜನ ಪ್ರಪಂಚದಲ್ಲಿದ್ದಾರೆ. ಅವರು ಸರ್ವೇಯರ್‌ಗಳಲ್ಲ, ವಿಜ್ಞಾನಿಗಳೂ ಅಲ್ಲ. ಅದನ್ನಿಟ್ಟುಕೊಂಡು ಆಟ ಆಡೋರು. ಆಟದ ಹೆಸರು ಜಿಯೋಕ್ಯಾಶಿಂಗ್. ಒಬ್ಬ ಒಂದು ಡಬ್ಬಿ ಬಚ್ಚಿಟ್ಟು ಆ ಜಾಗದ ಅಕ್ಷಾಂಶ ರೇಖಾಂಶ ಬರೆದು ಹಾಕ್ತಾನೆ. ಇನ್ನೊಬ್ಬ ಜಿಪಿಎಸ್ ಹಿಡಿದು ಹುಡುಕ್ತಾನೆ. ಡಬ್ಬಿಯೊಳಗೆ ಒಂದು ಪುಟ್ಟ ಪುಸ್ತಕ ಇರುತ್ತೆ, ಅದಕ್ಕೆ ಹೆಸರು ತಾರೀಖು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರಬೇಕು. ಅಷ್ಟೇ ಆಟ.

ಇದು ಹುಟ್ಟಿದ್ದೂ ತಮಾಷೆಯಾಗಿದೆ. ಜಿಪಿಎಸ್ ಅಮೆರಿಕದ ಮಿಲಿಟರಿ ಕಟ್ಟಿದ ವ್ಯವಸ್ಥೆ. 2000ನೇ ಇಸವಿ ತನಕ ಸಾಮಾನ್ಯ ಜನಕ್ಕೆ ಸಿಗೋ ಸಂಕೇತವನ್ನು ಅವರು ಬೇಕಂತಲೇ ಕೆಡಿಸಿ ಬಿಡ್ತಿದ್ದರು, ನೂರು ಮೀಟರಿನವರೆಗೂ ತಪ್ಪು ಬರೋ ಹಾಗೆ. ಅಧ್ಯಕ್ಷ ಕ್ಲಿಂಟನ್ ಅವರ ಆದೇಶದ ಮೇಲೆ ಆ ವರ್ಷದ ಮೇ ತಿಂಗಳ ಮೊದಲಲ್ಲಿ ಅದನ್ನು ನಿಲ್ಲಿಸಿದರು. ಮೇ 3ಕ್ಕೆ ಆರೆಗಾನ್ ರಾಜ್ಯದ ಡೇವ್ ಅಲ್ಮರ್ ಅನ್ನೋರು, ಈಗ ನಿಜವಾಗಿ ಎಷ್ಟು ಹತ್ತಿರ ಹೋಗಬಹುದು ನೋಡೋಣ ಅಂತ ಒಂದು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಪುಸ್ತಕ, ಕ್ಯಾಸೆಟ್ಟು, ಕವಣೆ, ಒಂದು ಕಾಳಿನ ಡಬ್ಬ ಎಲ್ಲಾ ತುಂಬಿ ಕಾಡಂಚಲ್ಲಿ ಬಚ್ಚಿಟ್ಟು ಜಾಗದ ಅಂಕಿ ಪ್ರಕಟಿಸಿದರು. ಕೆಲವೇ ದಿನದಲ್ಲಿ ಜನ ಹುಡುಕಿದರು. ಇವತ್ತು ಇದು ದೇಶ ದೇಶಗಳಲ್ಲಿ ಹರಡಿದೆ.

ನನಗೆ ಇದರ ಸಂಗತಿ ಗೊತ್ತಾಗಿದ್ದು ನನ್ನ ಸೋದರಳಿಯನಿಂದ. ಅವನು ಜರ್ಮನಿಯಲ್ಲಿದ್ದಾನೆ, ಅಲ್ಲಿ ಈ ಆಟದ ಹುಚ್ಚು ಜಾಸ್ತಿ. ಹೋದ ಡಿಸೆಂಬರಲ್ಲಿ ಊರಿಗೆ ಬಂದಾಗ ನಮ್ಮ ಜಮೀನಲ್ಲೇ ಆಡಿಸಿ ತೋರಿಸಿದ. ಎರಡು ಸ್ಟೀಲ್ ಡಬ್ಬಿ ತಗೊಂಡ. ಒಂದನ್ನು ರಾಗಿ ಕೊಯ್ದಿದ್ದ ಬಯಲು ಹೊಲದಲ್ಲಿ, ಇನ್ನೊಂದನ್ನು ತೆಂಗು ಅಡಿಕೆ ಇರೋ ತೋಟದಲ್ಲಿ ಬಚ್ಚಿಟ್ಟ. ಅಂಕಿ ಕೊಟ್ಟ. ಹುಡುಕಿ ಮಾವ, ಅಂದ.

ಹೊಲದಲ್ಲಿ ಫೋನ್ ಹೇಳಿದ ಜಾಗಕ್ಕೂ ಡಬ್ಬಿಗೂ ಮೂರು ನಾಲ್ಕು ಹೆಜ್ಜೆ ವ್ಯತ್ಯಾಸ. ಕಲ್ಲುಗುಡ್ಡೆ ಒಂದೇ ಇದ್ದಿದ್ದರಿಂದ ಸಿಕ್ತು. ತೋಟದಲ್ಲಿ ಚುಕ್ಕಿ ನಿಂತಲ್ಲಿ ನಿಲ್ಲಲ್ಲ. ನಾನು ಒಂದು ತೆಂಗಿನ ಬುಡದಲ್ಲಿ ಅಲ್ಲಾಡದೆ ನಿಂತಿದ್ದೀನಿ, ಪರದೆ ಮೇಲಿನ ನಾನು ಮಾತ್ರ ಪಕ್ಕದ ಸಾಲಿಗೆ ಹೋಗ್ತೀನಿ, ವಾಪಸ್ ಬರ್ತೀನಿ, ಬಾಳೆ ಕಡೆ ಹೋಗ್ತೀನಿ. ಹುಡುಗ ನಕ್ಕು ಅಂದ, ‘ಮಾವ, ಹತ್ತು ಮೀಟರ್ ಒಳಗೆ ಬಂದಮೇಲೆ ಫೋನ್ ಜೇಬಿಗೆ ಹಾಕ್ಕೊಳ್ಳಿ. ಇನ್ನು ಕಣ್ಣಿಂದ ಹುಡುಕಬೇಕು. ನಾವೆಲ್ಲ ಹಂಗೇ ಮಾಡೋದು.’

ಈ ಮಾತು ನನಗೆ ತಲೆಗೆ ಹೊಕ್ಕಿತು. ಒಂದು ಸ್ಟೀಲ್ ಡಬ್ಬಿ ಹುಡುಕೋ ಆಟದೋರು ಹತ್ತು ಮೀಟರ್ ಒಳಗೆ ಬಂದಮೇಲೆ ಈ ಯಂತ್ರವನ್ನು ನಂಬಲ್ಲ. ನಾವು ಅಪ್ಪನ ಜಮೀನನ್ನು ಅದರ ಕೈಗೆ ಕೊಟ್ಟಿದ್ದೀವಿ.

ಆಟದೋರ ಪದ್ಧತಿ ಇನ್ನೂ ನೋಡಿ. ಡಬ್ಬಿ ಬಚ್ಚಿಡೋನು ಒಂದು ಸಲ ನೋಡಿದ ಅಂಕಿ ಬರೆಯಲ್ಲ. ಒಳ್ಳೇ ಅಭ್ಯಾಸ ಇರೋನು ಹಲವು ಸಲ ಅದೇ ಜಾಗಕ್ಕೆ ಬೇರೆ ಬೇರೆ ಹೊತ್ತಿನಲ್ಲಿ, ಆದರೆ ಬೇರೆ ದಿನವೂ ಬಂದು ಅಂಕಿ ತಗೊಂಡು ಸರಾಸರಿ ಹಾಕ್ತಾನೆ. ಅಷ್ಟು ಮಾಡಿದಮೇಲೂ ‘ಬೇರಿನ ಸಂದಿ ನೋಡಿ’ ಅಂತ ಒಂದು ಸುಳಿವು ಬರೀತಾನೆ. ಯಾಕೆ? ಅಂಕಿ ಸಾಲಲ್ಲ ಅಂತ ಅವನಿಗೆ ಗೊತ್ತು. ಹುಡುಕಿದವನು ‘ನನ್ನ ಫೋನ್ ಆ ಜಾಗ ತೋರಿಸ್ತು, ನಾನು ಹೋಗಿದ್ದೆ’ ಅಂದರೆ ಯಾರೂ ಒಪ್ಪಲ್ಲ. ಡಬ್ಬಿಯೊಳಗಿನ ಪುಸ್ತಕದಲ್ಲಿ ಸಹಿ ಇರಬೇಕು. ನೆಲದ ಮೇಲಿರೋ ವಸ್ತುವೇ ಸಾಕ್ಷಿ, ಪರದೆ ಅಲ್ಲ. ಆಮೇಲೆ ಇನ್ನೊಂದು ನಿಯಮ: ಯಾರ ಜಾಗವೋ ಅವರ ಒಪ್ಪಿಗೆ ಇಲ್ಲದೆ ಡಬ್ಬಿ ಇಡೋ ಹಾಗಿಲ್ಲ, ಇಡೋಕೆ ಅಂತ ನೆಲ ಅಗೆಯೋ ಹಾಗಿಲ್ಲ. ಇಲ್ಲಿ ಪಕ್ಕದ ಹೊಲದೋನಿಗೆ ಒಂದು ಮಾತು ಹೇಳದೆ ಜೆಸಿಬಿ ಇಳಿಸ್ತಾರೆ.

ಈಗ ಯಾಕೆ ಹೀಗಾಗುತ್ತೆ ಅನ್ನೋದು. ಇದು ಗೊತ್ತಿದ್ದರೆ ನಾಳೆ ನಿಮ್ಮ ಬದುವಿನ ಮೇಲೆ ಯಾರಾದರೂ ಫೋನ್ ಹಿಡಿದು ನಿಂತಾಗ ಮಾತಾಡೋಕೆ ಬರುತ್ತೆ.

ಜಿಪಿಎಸ್ ಉಪಗ್ರಹಗಳು ಇರೋದು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ. ಅವು ನಮ್ಮನ್ನು ನೋಡ್ತಿಲ್ಲ, ಫೋಟೊ ತೆಗೀತಿಲ್ಲ. ಇದು ಮೊದಲು ತಲೆಯಿಂದ ತೆಗೀರಿ. ಅವು ಬರೀ ಟೈಮ್ ಹೇಳ್ತವೆ, ತಾವೆಲ್ಲಿದ್ದೀವಿ ಅಂತ ಹೇಳ್ತವೆ. ಆ ಸಂಕೇತ ಇಲ್ಲಿಗೆ ಬರೋಕೆ ಎಷ್ಟು ಹೊತ್ತಾಯ್ತು ಅಂತ ನಮ್ಮ ಫೋನ್ ಲೆಕ್ಕ ಹಾಕಿ ದೂರ ತಿಳ್ಕೊಳ್ಳುತ್ತೆ. ಕಡಿಮೆ ಅಂದರೆ ನಾಲ್ಕು ಉಪಗ್ರಹದ ಲೆಕ್ಕ ಕೂಡಿಸಿ ತಾನೆಲ್ಲಿದ್ದೀನಿ ಅಂತ ಅಂದಾಜು ಮಾಡುತ್ತೆ. ಸಂಕೇತ ಬರೋದು ಬೆಳಕಿನ ವೇಗದಲ್ಲಿ. ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗ ಲೆಕ್ಕ ತಪ್ಪಿದರೆ ನೆಲದ ಮೇಲೆ ಒಂದು ಅಡಿ ತಪ್ಪು. ದಾರಿಯಲ್ಲಿ ವಾತಾವರಣದ ಮೇಲಿನ ಪದರ ಸಂಕೇತವನ್ನು ನಿಧಾನ ಮಾಡುತ್ತೆ. ತೆಂಗಿನ ಗರಿ, ಹಸಿ ಎಲೆ ಅದನ್ನು ಕುಗ್ಗಿಸುತ್ತೆ. ಗೋಡೆಗೆ, ಬಂಡೆಗೆ, ತಗಡಿನ ಶೆಡ್ಡಿಗೆ ಬಡಿದು ಸುತ್ತು ಹಾಕ್ಕೊಂಡು ಬಂದರೆ ದೂರ ಜಾಸ್ತಿ ತೋರುತ್ತೆ. ಈಗಿನ ಫೋನುಗಳು ರಷ್ಯಾದ್ದು, ಯುರೋಪಿಂದು, ಚೀನಾದ್ದು, ಕೆಲವು ನಮ್ಮ ಇಸ್ರೋದ ನಾವಿಕ್ ಉಪಗ್ರಹಗಳನ್ನೂ ಕೇಳಿಸ್ಕೊಳ್ತವೆ. ಅದರಿಂದ ಅನುಕೂಲ ಆಗಿದೆ, ನಿಜ. ಆದರೂ ಅಮೆರಿಕ ಸರ್ಕಾರದ ಜಿಪಿಎಸ್ ಜಾಲತಾಣವೇ ಹೇಳೋದು, ಬಯಲು ಆಕಾಶದ ಕೆಳಗೆ ಸ್ಮಾರ್ಟ್‌ಫೋನಿನ ನಿಖರತೆ ಸಾಮಾನ್ಯವಾಗಿ 4.9 ಮೀಟರ್ ತ್ರಿಜ್ಯದೊಳಗೆ ಅಂತ. ಬಯಲಲ್ಲಿ! ತೋಟದಲ್ಲಿ ಅಲ್ಲ.

ನೀಲಿ ಚುಕ್ಕಿ ಸುತ್ತ ತೆಳು ನೀಲಿ ವೃತ್ತ ಕಾಣುತ್ತಲ್ಲ, ನೋಡಿದ್ದೀರಾ? ಚುಕ್ಕಿ ಸುಳ್ಳು, ವೃತ್ತ ನಿಜ. ‘ಈ ವೃತ್ತದೊಳಗೆ ಎಲ್ಲೋ ಇದ್ದೀಯ’ ಅಂತ ಫೋನ್ ಪ್ರಾಮಾಣಿಕವಾಗಿ ಹೇಳ್ತಿರುತ್ತೆ. ಅದೂ ಪೂರ್ತಿ ಗ್ಯಾರಂಟಿ ಅಲ್ಲ. ಆಂಡ್ರಾಯ್ಡ್ ಫೋನಿನಲ್ಲಿ ಆ ವೃತ್ತದ ಅರ್ಥ, ನೀವು ಅದರೊಳಗಿರೋ ಸಾಧ್ಯತೆ ನೂರಕ್ಕೆ 68 ಅಂತ. ಅಂದರೆ ಹತ್ತರಲ್ಲಿ ಮೂರು ಸಲ ನೀವು ಆ ವೃತ್ತದಿಂದಲೂ ಆಚೆ ಇರ್ತೀರಿ. ಬ್ರೋಕರ್ ವೃತ್ತ ತೋರಿಸಲ್ಲ. ಚುಕ್ಕಿ ತೋರಿಸ್ತಾನೆ.

ಇನ್ನು ಅಂಕಿಯ ಮೋಸ. ಆ್ಯಪ್‌ಗಳಲ್ಲಿ ಅಕ್ಷಾಂಶ ರೇಖಾಂಶ ದಶಮಾಂಶದ ಆಚೆ ಆರು ಏಳು ಅಂಕಿ ತೋರಿಸ್ತವೆ. ಆರನೇ ಅಂಕಿ ಅಂದರೆ ನೆಲದ ಮೇಲೆ 11 ಸೆಂಟಿಮೀಟರ್, ಒಂದು ಗೇಣಿಗೂ ಕಡಿಮೆ. ಏಳನೇದು ಒಂದು ಸೆಂಟಿಮೀಟರ್. ಐದು ಮೀಟರ್ ತಪ್ಪು ಮಾಡೋ ಯಂತ್ರ ಸೆಂಟಿಮೀಟರ್ ಲೆಕ್ಕ ಬರೆದು ಕೊಟ್ಟರೆ ಅದನ್ನು ನಂಬಬೇಕಾ? ಸಂತೆಯಲ್ಲಿ ಕಣ್ಣಂದಾಜಿಗೆ ಎಮ್ಮೆ ನೋಡಿ ‘312 ಕೆಜಿ 450 ಗ್ರಾಂ’ ಅಂದೋನ ಮಾತಿನ ಹಾಗೆ ಅದು. ಜಿಯೋಕ್ಯಾಶಿಂಗ್‌ನೋರು ಡಿಗ್ರಿ, ಮಿನಿಟು, ಮಿನಿಟಿನ ಸಾವಿರದ ಒಂದು ಭಾಗಕ್ಕೆ ನಿಲ್ಲಿಸ್ತಾರೆ. ಅದು ಸುಮಾರು 1.85 ಮೀಟರ್. ಅದಕ್ಕಿಂತ ಸಣ್ಣದು ಬರೆದರೆ ಪ್ರಯೋಜನ ಇಲ್ಲ ಅಂತ ಗೊತ್ತಿರೋದರಿಂದ.

ಈಗ ನಮ್ಮ ಲೆಕ್ಕಕ್ಕೆ ಬರೋಣ. ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ. 1089 ಚದರ ಅಡಿ. ಮೀಟರಲ್ಲಿ ಹತ್ತತ್ತಿರ ಹತ್ತು ಹತ್ತು. ಸರ್ವೆಯ 33 ಅಡಿ ಚೈನನ್ನು 16 ಆಣೆ ಮಾಡಿ ಅಳೀತಿದ್ದ ಲೆಕ್ಕ ನಮ್ಮ ಹಿರೀಕರ ಬಾಯಲ್ಲಿ ಇನ್ನೂ ಇದೆ. ಹತ್ತು ಚೈನು ಉದ್ದದ ಬದು ಅಂದರೆ 330 ಅಡಿ, ನೂರು ಮೀಟರ್. ಅಷ್ಟು ಉದ್ದಕ್ಕೆ ಗೆರೆ ನಾಲ್ಕು ಮೀಟರ್ ಸರಿದರೆ 400 ಚದರ ಮೀಟರ್. ಅಂದರೆ ನಾಲ್ಕು ಗುಂಟೆ. ಫೋನ್ ಅದರ ಮಟ್ಟಿಗೆ ಯಾವ ತಪ್ಪೂ ಮಾಡಿಲ್ಲ, ಹೇಳಿದ ನಿಖರತೆಯೊಳಗೇ ಇದೆ. ನಾಲ್ಕು ಗುಂಟೆ ಮಾತ್ರ ಹೋಯ್ತು. ಎರಡು ಎಕರೆ ಇರೋನಿಗೆ ಇಪ್ಪತ್ತರಲ್ಲಿ ಒಂದು ಪಾಲು.

ನಮ್ಮ ಜಮೀನಿಗೇ ಇದು ಬಂತು. ನಮ್ಮ ಪೂರ್ವಕ್ಕಿರೋ ಎರಡು ಎಕರೆ ಹತ್ತು ಗುಂಟೆ ಹೋದ ವರ್ಷ ಪೇಟೆಯವರೊಬ್ಬರಿಗೆ ಮಾರಾಟ ಆಯ್ತು. ಅವರ ಮೇಲೆ ನನಗೆ ಬೇಜಾರಿಲ್ಲ, ಹಸನಾದ ಮನುಷ್ಯರೇ. ಕೊಡಿಸಿದವನು ಮೊದಲು ಫೋನ್ ಹಿಡಿದು ಹಳೇ ಬದುವಿನ ಮೇಲೆ ಸುತ್ತು ಬಂದ. ವಿಸ್ತೀರ್ಣ ಎರಡು ಎಕರೆ ಒಂಬತ್ತು ಗುಂಟೆ ಚಿಲ್ಲರೆ ತೋರಿಸ್ತು. ಪಹಣಿಗೆ ಹತ್ತತ್ತಿರ ಸರಿ. ‘ನೋಡಿ ಸಾರ್, ಮೊಬೈಲ್ ಎಷ್ಟು ಕರೆಕ್ಟಾಗಿದೆ’ ಅಂದ. ಎಲ್ಲರಿಗೂ ನಂಬಿಕೆ ಬಂತು. ಆಮೇಲೆ ಸರ್ವೆ ನಂಬರಿನ ಗೆರೆ ತೋರಿಸೋ ನಕ್ಷೆ ತೆಗೆದು, ಚುಕ್ಕಿ ಪಶ್ಚಿಮದ ಗೆರೆಗೆ ತಾಗೋವರೆಗೂ ನಡೆದ. ತಾಗಿದ್ದು ನಮ್ಮ ಬದು ದಾಟಿ ನಾಲ್ಕು ಮೀಟರ್ ಒಳಗೆ. ನಮ್ಮಪ್ಪ ಹಾಕಿದ ತೆಂಗಿನ ಒಂದು ಸಾಲು, 11 ಮರ, ಗೆರೆಯ ಆಚೆ ಹೋಯ್ತು. ‘ಇಷ್ಟು ವರ್ಷ ಒತ್ತುವರಿ ಮಾಡ್ಕೊಂಡಿದ್ದಾರೆ’ ಅನ್ನೋ ಮಾತೂ ಬಂತು. ಆ ಮಾತು ಮರಕ್ಕಿಂತ ಜಾಸ್ತಿ ಚುಚ್ತು.

ಇದರಲ್ಲಿರೋ ಎರಡು ಮೋಸ ಗಮನಿಸಿ. ಎಲ್ಲಾ ಊರಲ್ಲೂ ಇದೇ ನಡೆಯೋದು.

ಮೊದಲನೇದು, ವಿಸ್ತೀರ್ಣ ಸರಿ ಬಂದರೆ ಜಾಗವೂ ಸರಿ ಅಂತ ಅಂದ್ಕೊಳ್ಳೋದು. ಎರಡೂ ಬೇರೆ ಬೇರೆ. ಹತ್ತು ಹದಿನೈದು ನಿಮಿಷ ಹೊಲ ಸುತ್ತೋ ಹೊತ್ತಿನಲ್ಲಿ ಬಯಲಲ್ಲಿ ಜಿಪಿಎಸ್ ತಪ್ಪು ಹೆಚ್ಚುಕಡಿಮೆ ಒಂದೇ ದಿಕ್ಕಿಗಿರುತ್ತೆ. ನಾಲ್ಕೂ ಮೂಲೆ ಒಟ್ಟಿಗೇ ಪಶ್ಚಿಮಕ್ಕೆ ಸರಿದಿರ್ತವೆ. ಒಂದು ಹೊಲವನ್ನು ಹಾಗೇ ಎತ್ತಿ ನಾಲ್ಕು ಮೀಟರ್ ಪಕ್ಕಕ್ಕೆ ಇಟ್ಟರೆ ವಿಸ್ತೀರ್ಣ ಒಂದು ಅಂಗುಲವೂ ಬದಲಾಗಲ್ಲ, ಜಾಗ ಮಾತ್ರ ಪೂರ್ತಿ ತಪ್ಪು. ಫೋನ್ ‘ಎಷ್ಟು’ ಅನ್ನೋದನ್ನು ಪರವಾಗಿಲ್ಲ ಅನ್ನೋ ಮಟ್ಟಿಗೆ ಹೇಳುತ್ತೆ. ‘ಎಲ್ಲಿಂದ’ ಅನ್ನೋದನ್ನು ಹೇಳಲ್ಲ. ಬದು ಅಂದರೆ ‘ಎಲ್ಲಿಂದ’ ಅನ್ನೋ ಪ್ರಶ್ನೆ. ಇನ್ನೂ ಒಂದು ವಿಷಯ. ಹಳೇ ಬದು ಸುತ್ತಿದರೆ ವಿಸ್ತೀರ್ಣ ಸರಿ ಬಂತು ಅಂದಮೇಲೆ ಹಳೇ ಬದು ಸರಿಯಾಗಿದೆ ಅಂತ ತಾನೇ ಅರ್ಥ? ಅಷ್ಟು ಜನ ನಿಂತಿದ್ದರು, ಆ ಮಾತು ಯಾರೂ ಆಡಲಿಲ್ಲ.

ಎರಡನೇದು, ಲಾಭ ಇರೋ ಕಡೆ ಮಾತ್ರ ಅಳೆಯೋದು. ಗೆರೆ ಪಶ್ಚಿಮಕ್ಕೆ ನಾಲ್ಕು ಮೀಟರ್ ಸರಿದಿದ್ದರೆ ಅವರ ಪೂರ್ವದ ಬದುವಿನಲ್ಲೂ ಅದೇ ಗೆರೆ ನಾಲ್ಕು ಮೀಟರ್ ಒಳಕ್ಕೆ ಬರಬೇಕು. ಅಂದರೆ ಆ ಕಡೆ ಪಕ್ಕದವರಿಗೆ ಅಷ್ಟು ಜಾಗ ಬಿಟ್ಟುಕೊಡಬೇಕು. ಆ ಕಡೆ ಯಾರೂ ಫೋನ್ ಹಿಡಿದು ನಡೆಯಲಿಲ್ಲ. ನಾನು ಕೇಳಿದ್ದು ಅಷ್ಟೇ: ‘ಪೂರ್ವಕ್ಕೂ ಒಂದ್ಸಲ ನಡೀರಿ, ಅಲ್ಲೂ ಗೂಟ ಹೊಡೀರಿ, ಆಮೇಲೆ ಇಲ್ಲಿಗೆ ಬನ್ನಿ.’ ಜೆಸಿಬಿ ವಾಪಸ್ ಹೋಯ್ತು. ಹದ್ದುಬಸ್ತಿಗೆ ಅರ್ಜಿ ಹಾಕಿದೆವು. ತಿಂಗಳುಗಟ್ಟಲೆ ಕಾದೆವು. ಸರ್ವೇಯರ್ ಬಂದು ಹಳೇ ಕಲ್ಲುಗಳಿಂದ ಅಳೆದಾಗ ಮೂಲೆಯ ಬಾಂದುಕಲ್ಲು ಕತ್ತಾಳೆ ಬುಡದಲ್ಲಿ ಒಂದಡಿ ಮಣ್ಣಿನ ಕೆಳಗೆ ಸಿಕ್ತು. ಹಳೇ ಬದುವಿಗೂ ಅಳತೆಗೂ ಅರ್ಧ ಅಡಿ ವ್ಯತ್ಯಾಸ. 11 ಮರ ಉಳೀತು.

ನಮ್ಮದು ಉಳೀತು, ಎಲ್ಲರದ್ದೂ ಉಳಿಯಲ್ಲ. ಅಣ್ಣ ತಮ್ಮ ಇಬ್ಬರು ಇದೇ ರೀತಿ ಗೆರೆಗೆ ಜಗಳ ಆಡ್ಕೊಂಡು ಒಬ್ಬರ ಮನೆ ಸಾವಿಗೆ ಇನ್ನೊಬ್ಬರು ಹೋಗದೆ ಇರೋದನ್ನೂ ನೋಡಿದ್ದೀನಿ. ಎರಡು ಹೆಜ್ಜೆ ಜಾಗ. ಆ ಎರಡು ಹೆಜ್ಜೆ ಫೋನಿನ ತಪ್ಪಾ, ನೆಲದ ತಪ್ಪಾ ಅಂತ ಇವತ್ತಿಗೂ ಅಳೆದಿಲ್ಲ.

ಫೋನಿನ ಚುಕ್ಕಿ ಒಂದು ಕಡೆಯ ತಪ್ಪಾದರೆ ಅದರ ಕೆಳಗಿರೋ ನಕ್ಷೆ ಇನ್ನೊಂದು ಕಡೆಯದು. ನಮ್ಮ ಹಳೇ ಸರ್ವೆ ಟಿಪ್ಪಣಿ, ಗ್ರಾಮ ನಕ್ಷೆ ಎಲ್ಲಾ ಚೈನು ಎಳೆದು, ಕ್ರಾಸ್‌ಸ್ಟಾಫ್ ನೆಟ್ಟು ಮಾಡಿದ್ದು. ಅದರಲ್ಲಿ ಅಕ್ಷಾಂಶ ರೇಖಾಂಶ ಇಲ್ಲ. ಈ ಕಲ್ಲಿಂದ ಆ ಕಲ್ಲಿಗೆ ಇಷ್ಟು ಚೈನು ಇಷ್ಟು ಆಣೆ, ಅಷ್ಟೇ. ಕಲ್ಲಿಗೆ ಕಲ್ಲೇ ಆಧಾರ. ಆ ಕಾಗದದ ನಕ್ಷೆಯನ್ನು ಈಗ ಸ್ಕ್ಯಾನ್ ಮಾಡಿ, ಹಿಗ್ಗಿಸಿ ಕುಗ್ಗಿಸಿ, ರಸ್ತೆ ಕೆರೆ ನೋಡ್ಕೊಂಡು ಉಪಗ್ರಹದ ಚಿತ್ರದ ಮೇಲೆ ಕೂರಿಸಿರ್ತಾರೆ. ಬಹಳ ವರ್ಷ ಮಡಿಚಿಟ್ಟ ಕಾಗದ ಅದು. ಹಿಗ್ಗಿರುತ್ತೆ, ಕುಗ್ಗಿರುತ್ತೆ. ಉಪಗ್ರಹದ ಚಿತ್ರವೇ ಕೆಲವು ಕಡೆ ಕೆಲವು ಮೀಟರ್ ಆಚೀಚೆ ಇರುತ್ತೆ. ಅಲ್ಲಿಗೆ ಚುಕ್ಕಿಯ ತಪ್ಪು, ಚಿತ್ರದ ತಪ್ಪು, ನಕ್ಷೆ ಕೂರಿಸಿದ ತಪ್ಪು, ಮೂರೂ ಸೇರ್ಕೊಂಡವು. ಮೂರು ತಪ್ಪು ಕೂಡಿಸಿದರೆ ಒಂದು ಸತ್ಯ ಆಗಲ್ಲ.

ನಮ್ಮ ಸರ್ಕಾರದ ದಿಶಾಂಕ್ ಆ್ಯಪ್ ಒಳ್ಳೇದು. ಒಂದು ಜಾಗದಲ್ಲಿ ನಿಂತು ಇದು ಯಾವ ಸರ್ವೆ ನಂಬರ್, ಕೆರೆ ಅಂಗಳನಾ, ಖರಾಬಾ ಅಂತ ನೋಡೋಕೆ ಅದಕ್ಕಿಂತ ಸುಲಭದ ದಾರಿ ಇಲ್ಲ. ಜಮೀನು ಕೊಳ್ಳೋ ಮುಂಚೆ ಪ್ರತಿಯೊಬ್ಬರೂ ನೋಡಬೇಕು. ಮನೆ ಅಡ್ರೆಸ್ ಹೇಳೋಕೆ ಇರೋದನ್ನು ಗೋಡೆ ಅಳೆಯೋಕೆ ಬಳಸಬೇಡಿ ಅಂತಷ್ಟೇ ನಾನು ಹೇಳ್ತಿರೋದು.

ಇನ್ನು ನನ್ನ ಮಾತಿಗೆ ಬರೋ ಉತ್ತರಗಳು ನನಗೆ ಗೊತ್ತು.

‘ಸರ್ವೆಗೆ ಅರ್ಜಿ ಹಾಕಿದರೆ ತಿಂಗಳುಗಟ್ಟಲೆ ಬರಲ್ಲ, ಅಲೆದಾಟ, ಖರ್ಚು. ಫೋನ್ ಪುಕ್ಕಟೆ.’ ಮೊದಲರ್ಧ ಪೂರ್ತಿ ನಿಜ. ಅಲೆದಾಟ ನಾನೂ ಮಾಡಿದ್ದೀನಿ. ಅದಕ್ಕೆ ಸಿಟ್ಟು ಮಾಡ್ಕೊಳ್ಳಿ, ಸಂಘದಿಂದ ಕೇಳಿ, ಸರ್ವೇಯರ್‌ಗಳನ್ನು ಜಾಸ್ತಿ ಹಾಕಿ ಅಂತ ಒತ್ತಾಯ ಮಾಡಿ. ಆದರೆ ಡಾಕ್ಟರ್ ಸಿಗೋದು ತಡ ಅಂತ ಕ್ಷೌರದವನ ಹತ್ತಿರ ಆಪರೇಷನ್ ಮಾಡಿಸ್ಕೊಳ್ಳಲ್ಲ. ಫೋನಿನ ಗೆರೆ ಪುಕ್ಕಟೆ, ಅದರಿಂದ ಹುಟ್ಟೋ ಕೋರ್ಟ್ ಕೇಸು ಪುಕ್ಕಟೆ ಅಲ್ಲ.

‘ಸರ್ವೆ ಇಲಾಖೆಯವರೇ ಈಗ ಜಿಪಿಎಸ್ ಇಟ್ಕೊಂಡು ಅಳೀತಾರಲ್ಲ?’ ಹೌದು, ಅಳೀತಾರೆ. ಅವರ ಕೈಲಿರೋದು ಫೋನ್ ಅಲ್ಲ, ರೋವರ್. ಅದು ಒಬ್ಬಂಟಿಯಾಗಿ ಕೆಲಸ ಮಾಡಲ್ಲ. ಕಾರ್ಸ್ ಅಂತ ಸ್ಥಿರ ಕೇಂದ್ರಗಳನ್ನು ಅಲ್ಲಲ್ಲಿ ಕಟ್ಟಿದ್ದಾರೆ. ಆ ಕೇಂದ್ರಕ್ಕೆ ತಾನಿರೋ ಜಾಗ ಚೆನ್ನಾಗಿ ಗೊತ್ತಿರುತ್ತೆ. ಈ ಕ್ಷಣ ಉಪಗ್ರಹದ ಲೆಕ್ಕ ಎಷ್ಟು ತಪ್ಪು ಹೇಳ್ತಿದೆ ಅಂತ ಅದು ಹೋಲಿಸಿ ನೋಡಿ, ತಿದ್ದುಪಡಿಯನ್ನು ರೋವರ್‌ಗೆ ಕಳಿಸುತ್ತೆ. ಅದರಿಂದ ಸೆಂಟಿಮೀಟರ್ ಲೆಕ್ಕಕ್ಕೆ ಬರುತ್ತೆ. ಎರಡಕ್ಕೂ ಉಪಗ್ರಹ ಒಂದೇ ಅಂತ ಎರಡೂ ಒಂದೇ ಆಗಲ್ಲ. ಅಲ್ಲದೆ ರೋವರ್ ಹಿಡಿದ ಸರ್ವೇಯರ್ ಕೂಡ ಹಳೇ ಕಲ್ಲು ಹುಡುಕ್ತಾನೆ, ಟಿಪ್ಪಣಿ ತೆಗೀತಾನೆ, ಅಕ್ಕಪಕ್ಕದವರಿಗೆ ನೋಟಿಸ್ ಕೊಡ್ತಾನೆ. ಆ ನೋಟಿಸೇ ಮುಖ್ಯ. ಗಡಿ ಅನ್ನೋದು ಇಬ್ಬರ ನಡುವಿನ ವಿಷಯ, ಒಬ್ಬನೇ ಅಳೆದರೆ ಅದು ಅಳತೆ ಆಗಲ್ಲ.

‘ನೀವು ಹಳೇಕಾಲದೋರು, ತಂತ್ರಜ್ಞಾನಕ್ಕೆ ವಿರೋಧ.’ ನನ್ನ ಬೋರ್‌ವೆಲ್ ಮೋಟರ್ ಮೊಬೈಲಿಂದಲೇ ಆನ್ ಆಗೋದು. ನಮ್ಮ ತೋಟದ ಡ್ರಿಪ್ ಪೈಪಿನ ಜಾಯಿಂಟ್, ವಾಲ್ವ್ ಎಲ್ಲೆಲ್ಲಿ ಹೂತಿದೆ ಅಂತ ಫೋನಲ್ಲೇ ಗುರುತು ಹಾಕಿ, ಪಕ್ಕದ ಮರದ ಹೆಸರನ್ನೂ ಬರೆದಿಟ್ಟಿದ್ದೀನಿ. ಆಟದೋರ ಸುಳಿವಿನ ಹಾಗೆ. ತಂತ್ರಜ್ಞಾನ ಗೊತ್ತು ಅಂದರೆ ಅದಕ್ಕೆ ಏನು ಬರಲ್ಲ ಅನ್ನೋದೂ ಗೊತ್ತಿರಬೇಕು. ಪರದೆ ಮೇಲೆ ಬಂದಿದ್ದೆಲ್ಲ ನಿಜ ಅನ್ನೋದು ತಂತ್ರಜ್ಞಾನ ಅಲ್ಲ, ಹೊಸ ಮೂಢನಂಬಿಕೆ.

ಹಾಗಾದರೆ ಏನು ಮಾಡಬೇಕು? ನಾನು ಮಾಡ್ತಿರೋದನ್ನು ಹೇಳ್ತೀನಿ.

ಒಂದು, ನಿಮ್ಮ ಬಾಂದುಕಲ್ಲುಗಳನ್ನು ಈ ಬೇಸಿಗೆಯಲ್ಲೇ ಹುಡುಕಿ. ಪೊದೆ ಸವರಿ, ಮಣ್ಣು ಬಿಡಿಸಿ, ಸುಣ್ಣ ಬಳೀರಿ. ಪಕ್ಕದವರನ್ನು ಕರೆದುಕೊಂಡೇ ಮಾಡಿ, ಟೀ ಕುಡಿದು ಮಾಡಿ. ಗಡಿ ಗುರುತು ಕಾಪಾಡೋ ಹೊಣೆ ಜಮೀನಿನವನದ್ದೇ. ಅದನ್ನು ಕೀಳೋದು, ಹಾಳು ಮಾಡೋದು ಕರ್ನಾಟಕ ಭೂಕಂದಾಯ ಕಾಯ್ದೆ 1964ರ ಪ್ರಕಾರ ದಂಡ ಬೀಳೋ ತಪ್ಪು.

ಎರಡು, ಟಿಪ್ಪಣಿ, ಆಕಾರಬಂದ್, ಹಿಸ್ಸಾ ಆಗಿದ್ದರೆ ಪೋಡಿ ನಕ್ಷೆಯ ನಕಲು ತೆಗೆಸಿ ಮನೇಲಿಡಿ. ಕ್ರಯಪತ್ರದಲ್ಲಿರೋ ಚಕ್ಕುಬಂದಿ ಓದಿ, ನಾಲ್ಕೂ ದಿಕ್ಕಿನ ಹೆಸರು ಈಗಿನವರಿಗೆ ಹೊಂದುತ್ತಾ ನೋಡಿ.

ಮೂರು, ಕಲ್ಲು ಸಿಕ್ಕಮೇಲೆ ಫೋನ್ ತೆಗೀರಿ. ಮೊದಲು ಕಲ್ಲು, ಆಮೇಲೆ ಫೋನ್. ಕಲ್ಲಿನ ಪಕ್ಕ ಐದು ನಿಮಿಷ ಇಟ್ಟು ಅಂಕಿ ಬರ್ಕೊಳ್ಳಿ. ಇನ್ನೊಂದು ದಿನ ಇನ್ನೊಂದು ಹೊತ್ತಲ್ಲಿ ಮತ್ತೆ ಬರ್ಕೊಳ್ಳಿ. ಎರಡೂ ಎಷ್ಟು ಬೇರೆ ಇದೆ ನೋಡಿ, ನಿಮ್ಮ ಫೋನಿನ ಯೋಗ್ಯತೆ ನಿಮಗೇ ತಿಳಿಯುತ್ತೆ. ಹತ್ತಿರದ ಮರ, ಬಾವಿ, ಬಂಡೆಯಿಂದ ಟೇಪಲ್ಲಿ ಎಷ್ಟು ಅಡಿ ಅಂತಲೂ ಬರೆದಿಡಿ. ನಾಳೆ ಮಕ್ಕಳು ಹುಡುಕುವಾಗ ಅಂಕಿ ಅವರನ್ನು ಹತ್ತಿರ ಕರ್ಕೊಂಡು ಹೋಗುತ್ತೆ, ಟೇಪಿನ ಅಳತೆ ಕಲ್ಲಿಗೆ ಮುಟ್ಟಿಸುತ್ತೆ.

ನಾಲ್ಕು, ಬೆಳೆ ಸಮೀಕ್ಷೆಗೆ ಫೋಟೊ ತೆಗೆಯುವಾಗ ಬದುವಿನ ಮೇಲೆ, ಮರದ ಕೆಳಗೆ ನಿಂತು ತೆಗೀಬೇಡಿ. ಹೊಲದ ನಡುಮಧ್ಯೆ ಹೋಗಿ, ವೃತ್ತ ಸಣ್ಣದಾಗೋವರೆಗೂ ಕಾದು ತೆಗೀರಿ. ಬದುವಿನ ಮೇಲೆ ನಿಂತರೆ ಚುಕ್ಕಿ ಪಕ್ಕದ ಸರ್ವೆ ನಂಬರಿಗೆ ಹಾರಬಹುದು. ನಿಮ್ಮ ರಾಗಿ ಅವರ ಪಹಣಿಗೆ ಹೋದರೆ ನಷ್ಟ ಪರಿಹಾರದ ದಿನ ಕೂತು ಅಳಬೇಕಾಗುತ್ತೆ.

ಐದು, ಯಾರಾದರೂ ಫೋನ್ ಹಿಡಿದು ನಿಮ್ಮ ಬದುವಿಗೆ ಬಂದರೆ ಕೂಗಾಡಬೇಡಿ. ಮೂರು ಪ್ರಶ್ನೆ ಕೇಳಿ. ಚುಕ್ಕಿ ಸುತ್ತಿನ ವೃತ್ತ ಎಷ್ಟು ಮೀಟರ್? ಇದೇ ಗೆರೆ ನಿಮ್ಮ ಆಚೆ ಕಡೆ ಬದುವಿನಲ್ಲಿ ಎಲ್ಲಿಗೆ ಬೀಳುತ್ತೆ? ಕಲ್ಲು ಎಲ್ಲಿದೆ? ಮೂರಕ್ಕೂ ಉತ್ತರ ಬರೋವರೆಗೂ ಗೂಟ ಹೊಡೆಯೋಕೆ ಬಿಡಬೇಡಿ. ಉತ್ತರ ಬರದಿದ್ದರೆ ಇಬ್ಬರೂ ಸೇರಿ ಹದ್ದುಬಸ್ತಿಗೆ ಅರ್ಜಿ ಹಾಕಿ. ಖರ್ಚು ಅರ್ಧರ್ಧ ಹಾಕ್ಕೊಂಡರೂ ಸರಿ.

ಊರಿನ ಹುಡುಗರಿಗೆ ಒಂದು ಮಾತು. ಫೋನ್ ಗೊತ್ತಿರೋರು ನೀವೇ, ಹಾಗಾಗಿ ಇಂಥ ಜಗಳದಲ್ಲಿ ನಿಮ್ಮನ್ನೇ ಕರೀತಾರೆ. ‘ಬಾರಪ್ಪ, ಮೊಬೈಲಲ್ಲಿ ನೋಡು’ ಅಂತಾರೆ. ಆಗ ನೀವು ಹೇಳೋ ಒಂದು ಮಾತಿಗೆ ತುಂಬಾ ಬೆಲೆ ಇದೆ. ‘ಇದರಲ್ಲಿ ಐದು ಮೀಟರ್ ಆಚೀಚೆ ಬರುತ್ತೆ ದೊಡ್ಡಪ್ಪ, ಇದನ್ನು ನಂಬ್ಕೊಂಡು ಗೂಟ ಹೊಡೀಬೇಡಿ’ ಅಂತ ಹೇಳೋ ಧೈರ್ಯ ಮಾಡಿ. ಅಷ್ಟು ಹೇಳಿದರೆ ಒಂದು ಮನೆ ಜಗಳ ನಿಲ್ಲುತ್ತೆ. ಹೇಳದೆ ಚುಕ್ಕಿ ತೋರಿಸಿ ಸುಮ್ಮನಿದ್ದರೆ ಆ ಜಗಳ ನಿಮ್ಮ ಮಕ್ಕಳ ಕಾಲಕ್ಕೂ ಮುಗಿಯಲ್ಲ.

ಯಾರಿಗಾದರೂ ತೋರಿಸೋದಾದರೆ ಪೂರ್ತಿ ಬರಹ ತೋರಿಸಿ, ಅರ್ಧ ಕತ್ತರಿಸಬೇಡಿ. ಮುಂದಿನ ಟಿಪ್ಪಣಿಯಲ್ಲಿ ಬದುವಿನ ಮೇಲೆ ಏನು ಹಾಕಿದರೆ ಇಬ್ಬರಿಗೂ ತಕರಾರಿರಲ್ಲ ಅನ್ನೋದು ಬರೀತೀನಿ.